ಅಮೆರಿಕದ ಕಾಲೇಜು ಫುಟ್‌ಬಾಲ್, 2025ರ ಋತುವಿಗೆ ಮುನ್ನ ನಡೆದ ಚರ್ಚೆ: ಓಹಾಯೊ ಸ್ಟೇಟ್‌ನ 2024ರ ವೇಳಾಪಟ್ಟಿ ಗಟ್ಟಿಯೋ ಜೊಳ್ಳೋ? ಗೆಲ್ಲಿಸಿದ್ದು ಆಟಗಾರರೋ, ತರಬೇತುದಾರರ ತಿದ್ದುಪಡಿಯೋ?

ಬಕೈ ಮಲ್ಲೇಶ್ವರ

2025ರ ಆಗಸ್ಟ್ 30ಕ್ಕೆ ಟೆಕ್ಸಸ್ ತಂಡ ಓಹಾಯೊ ಸ್ಟೇಟ್‌ನ ತವರು ಕೊಲಂಬಸ್‌ಗೆ ಬರುತ್ತಿದೆ. ಹೊಸ ಋತು ಶುರುವಾಗುವ ಮುನ್ನ ಹಳೆಯ ಲೆಕ್ಕವೊಂದನ್ನು ಚುಕ್ತಾ ಮಾಡಿಬಿಡೋಣ. ನಾವು ರಾಷ್ಟ್ರೀಯ ಚಾಂಪಿಯನ್ನರಾದೆವು, ಸಂತೋಷ. ಅಂತಿಮ ಎಪಿ ಪಟ್ಟಿಯ (ಕ್ರೀಡಾ ಪತ್ರಕರ್ತರು ಕೊಡುವ ಶ್ರೇಯಾಂಕ) ಮೊದಲ ಹತ್ತರಲ್ಲಿ ನಮ್ಮನ್ನು ಬಿಟ್ಟರೆ ಉಳಿಯುವುದು ಒಂಬತ್ತು ತಂಡ. ಅವುಗಳಲ್ಲಿ ನೋಟರ್ ಡೇಮ್, ಆರಿಗನ್, ಟೆಕ್ಸಸ್, ಪೆನ್ ಸ್ಟೇಟ್, ಟೆನ್ನೆಸ್ಸಿ, ಇಂಡಿಯಾನಾ ಈ ಆರನ್ನು ನಾವು ಸೋಲಿಸಿದ್ದೇವೆ. ಇದನ್ನು ಹಿಡಿದುಕೊಂಡು ‘ನಮ್ಮಷ್ಟು ಕಠಿಣ ವೇಳಾಪಟ್ಟಿ ಯಾರಿಗಿತ್ತು’ ಎಂದು ಎದೆ ತಟ್ಟಿಕೊಳ್ಳುವವರು ಬಹಳ ಜನ.

ನನ್ನ ತಕರಾರು ಬೇರೆ. ವೇಳಾಪಟ್ಟಿ ಒಟ್ಟಾರೆ ಎಷ್ಟು ಕಠಿಣ ಎನ್ನುವುದಕ್ಕಿಂತ ಯಾವ ಕ್ರಮದಲ್ಲಿ ಕಠಿಣ ಎನ್ನುವುದು ಮುಖ್ಯ. ಮೊದಲ ಐದು ಪಂದ್ಯಗಳನ್ನು ನೋಡಿ. ಆ್ಯಕ್ರನ್ ಮೇಲೆ 52–6, ವೆಸ್ಟರ್ನ್ ಮಿಷಿಗನ್ ಮೇಲೆ 56–0, ಮಾರ್ಷಲ್ ಮೇಲೆ 49–14, ಮಿಷಿಗನ್ ಸ್ಟೇಟ್ ಮೇಲೆ 38–7, ಅಯೋವಾ ಮೇಲೆ 35–7. ಐದೂ ಪಂದ್ಯ ಸೇರಿ ಎದುರಾಳಿಗಳು ಗಳಿಸಿದ್ದು 34 ಅಂಕ. ಆರನೆಯ ಪಂದ್ಯಕ್ಕೆ ಯೂಜೀನ್‌ಗೆ ಹೋದೆವು. ಆರಿಗನ್ ಒಂದೇ ಸಂಜೆ 32 ಹೊಡೆದು, 32–31ರಲ್ಲಿ ನಮ್ಮನ್ನು ಮನೆಗೆ ಕಳಿಸಿತು.

ಅಂದರೆ ಅಕ್ಟೋಬರ್ 12ರವರೆಗೆ ನಮ್ಮ ರಕ್ಷಣೆಗೆ ಯಾರೂ ಪರೀಕ್ಷೆಯನ್ನೇ ಕೊಟ್ಟಿರಲಿಲ್ಲ. ಅವರ ಕ್ವಾರ್ಟರ್‌ಬ್ಯಾಕ್ (ಪಾಸು ಎಸೆಯುವ ಆಟಗಾರ) ಡಿಲನ್ ಗೇಬ್ರಿಯಲ್ ಅಂದು 341 ಗಜ ಎಸೆದರು, ನಾವು ಅವರನ್ನು ಒಂದು ಸಲವೂ ಸ್ಯಾಕ್ ಮಾಡಲಿಲ್ಲ, ಅಂದರೆ ಎಸೆಯುವ ಮುನ್ನ ಕೆಡವಲಿಲ್ಲ. ಪಾಸು ತಡೆಯಬೇಕಾದ ನಮ್ಮ ಅನುಭವಿ ಕಾರ್ನರ್‌ಬ್ಯಾಕ್ ಡೆನ್‌ಜೆಲ್ ಬರ್ಕ್ ಮೇಲೆಯೇ ಉದ್ದದ ಪಾಸುಗಳು ಬಿದ್ದವು. ಐದು ವಾರ ಮುಚ್ಚಿಕೊಂಡಿದ್ದ ಗಾಯ ಒಂದೇ ರಾತ್ರಿಯಲ್ಲಿ ಬಿಚ್ಚಿಕೊಂಡಿತು. ಇದು ಮೆದು ವೇಳಾಪಟ್ಟಿಯ ಫಲವಲ್ಲದೆ ಇನ್ನೇನು?

ಲೆಕ್ಕಿಗ

ಮಲ್ಲೇಶ್ವರದವರೇ, ಆ ಐದರಲ್ಲಿ ಮಾರ್ಷಲ್ ಕೂಡ ಇದೆ ಎಂಬುದನ್ನು ಮರೆಯಬೇಡಿ. ಸೆಪ್ಟೆಂಬರಿನಲ್ಲಿ ಎಲ್ಲರೂ ಅದನ್ನು ‘ದುಡ್ಡು ಕೊಟ್ಟು ಕರೆಸಿದ ತಂಡ’ ಎಂದು ನಕ್ಕರು. ಅದೇ ತಂಡ ಡಿಸೆಂಬರಿನಲ್ಲಿ ಸನ್ ಬೆಲ್ಟ್ ಕಾನ್ಫರೆನ್ಸಿನ ಚಾಂಪಿಯನ್ ಆಗಿ 10–3ರಲ್ಲಿ (ಹತ್ತು ಗೆಲುವು, ಮೂರು ಸೋಲು) ಋತು ಮುಗಿಸಿತು. ಅಯೋವಾ ಎಂಟು ಪಂದ್ಯ ಗೆದ್ದಿತು. ಆದ್ದರಿಂದ ಜೊಳ್ಳು ಎನ್ನುವುದಾದರೆ ಆ್ಯಕ್ರನ್ ಮತ್ತು ವೆಸ್ಟರ್ನ್ ಮಿಷಿಗನ್ ಎನ್ನಿ, ಐದನ್ನೂ ಒಂದೇ ಮೊರದಲ್ಲಿ ಕೇರಬೇಡಿ.

ಇನ್ನು ‘ಎದುರಾಳಿಗಳ ಗೆಲುವಿನ ಸರಾಸರಿ’ ಎಂಬ ಲೆಕ್ಕವನ್ನು ದಯವಿಟ್ಟು ಯಾರೂ ಇಲ್ಲಿ ಅಂಟಿಸಬೇಡಿ. ಅದು ಮೋಸದ ಲೆಕ್ಕ. ಪರ್ಡ್ಯೂ 1–11, ಆರಿಗನ್ 13–1. ಎರಡನ್ನೂ ಸೇರಿಸಿ ಸರಾಸರಿ ತೆಗೆದರೆ ‘ಎರಡು ಸಾಧಾರಣ ತಂಡಗಳ ಜೊತೆ ಆಡಿದರು’ ಎಂದು ಬರುತ್ತದೆ. ನಿಜದಲ್ಲಿ ಹಾಗಿಲ್ಲ. ಉದಾಹರಣೆಗೆ, ನಮ್ಮಂಥ ತಂಡ ಪರ್ಡ್ಯೂ ಮೇಲೆ ನೂರಕ್ಕೆ ತೊಂಬತ್ತೊಂಬತ್ತು ಸಲ ಗೆಲ್ಲುತ್ತದೆ, ಆರಿಗನ್ ಮೇಲೆ ಐವತ್ತು ಸಲ ಎಂದಿಟ್ಟುಕೊಳ್ಳಿ. ಆ ಎರಡು ಪಂದ್ಯಗಳಲ್ಲಿ ಸುಮಾರು ಅರ್ಧ ಸೋಲು ಕಾದಿದೆ. ಅದೇ ಎರಡು ಸಾಧಾರಣ ತಂಡಗಳಾದರೆ, ತಲಾ ತೊಂಬತ್ತೆರಡು ಸಲ ಗೆಲ್ಲುತ್ತೇವೆಂದರೂ, ಕಾದಿರುವ ಸೋಲು 0.16 ಮಾತ್ರ. ಸರಾಸರಿ ಒಂದೇ, ಅಪಾಯ ಮೂರು ಪಟ್ಟು. ದೊಡ್ಡ ತಂಡಕ್ಕೆ ವೇಳಾಪಟ್ಟಿ ಕಠಿಣವಾಗುವುದು ಮೇಲ್ತುದಿಯ ಪಂದ್ಯಗಳಿಂದ. ನೆಬ್ರಾಸ್ಕಾ ಆರು ಗೆದ್ದಿತೋ ಏಳು ಗೆದ್ದಿತೋ ಎನ್ನುವುದರಿಂದ ನಮಗೆ ಹೆಚ್ಚೇನೂ ಆಗುವುದಿಲ್ಲ.

ಆ ಅಳತೆಯಲ್ಲಿ ನೋಡಿದರೆ, ಹನ್ನೆರಡು ಲೀಗ್ ಪಂದ್ಯಗಳಲ್ಲಿ ಮೂರು ಅಂತಿಮ ಮೊದಲ ಹತ್ತರ ತಂಡಗಳ ಮೇಲೆ. ಅದರಲ್ಲಿ ಎರಡು ಅವರವರ ಅಂಗಳದಲ್ಲಿ. ಇದು ಜೊಳ್ಳಲ್ಲ.

ಡಬ್ಲಿನ್ ಹೊಸಬ

ನಾನು ಈಚೆಗಷ್ಟೇ ಈ ಆಟ ನೋಡಲು ಶುರು ಮಾಡಿದವನು, ಕೇಳುವುದರಲ್ಲಿ ತಪ್ಪಿದ್ದರೆ ಕ್ಷಮಿಸಿ. ಇಷ್ಟು ದೊಡ್ಡ ವಿಶ್ವವಿದ್ಯಾಲಯ ಆ್ಯಕ್ರನ್‌ನಂಥ ತಂಡದ ಜೊತೆ ಯಾಕೆ ಆಡಬೇಕು? ವೇಳಾಪಟ್ಟಿಯನ್ನು ನಿರ್ಧರಿಸುವವರು ಯಾರು?

ಬಕೈ ಮಲ್ಲೇಶ್ವರ

ಕ್ಷಮೆ ಯಾಕೆ, ಕೇಳಿ. ಹನ್ನೆರಡು ಪಂದ್ಯಗಳಲ್ಲಿ ಒಂಬತ್ತನ್ನು ಬಿಗ್ ಟೆನ್ ಕಾನ್ಫರೆನ್ಸ್ ನಿಗದಿ ಮಾಡುತ್ತದೆ. (ಹೆಸರು ಬಿಗ್ ಟೆನ್, ತಂಡಗಳು ಹದಿನೆಂಟು. 2024ರಲ್ಲಿ ಆರಿಗನ್, ವಾಷಿಂಗ್ಟನ್, ಯುಎಸ್‌ಸಿ, ಯುಸಿಎಲ್‌ಎ ಬಂದು ಸೇರಿದ ಮೇಲೆ ಆದ ಸ್ಥಿತಿ ಇದು.) ಉಳಿದ ಮೂರನ್ನು ವಿಶ್ವವಿದ್ಯಾಲಯದ ಕ್ರೀಡಾ ವಿಭಾಗ ವರ್ಷಗಟ್ಟಲೆ ಮೊದಲೇ ಒಪ್ಪಂದ ಮಾಡಿಕೊಳ್ಳುತ್ತದೆ. ಒಪ್ಪಂದಕ್ಕೆ ಸಹಿ ಹಾಕುವಾಗ ಎದುರಾಳಿ ಬಲಿಷ್ಠವಾಗಿದ್ದು, ಆಡುವ ಹೊತ್ತಿಗೆ ಸೊರಗಿರಬಹುದು. ಸಣ್ಣ ತಂಡಗಳಿಗೆ ಇಂಥ ಒಂದು ಪಂದ್ಯಕ್ಕೆ ಹತ್ತು ಲಕ್ಷ ಡಾಲರಿಗೂ ಮಿಕ್ಕಿ ಹಣ ಸಿಗುತ್ತದೆ. ಅವರ ಕ್ರೀಡಾ ವಿಭಾಗ ನಡೆಯುವುದೇ ಅದರಿಂದ. ನಮಗೆ ತವರಿನಲ್ಲಿ ಲಕ್ಷ ಜನ ತುಂಬಿದ ಮೈದಾನ ಮತ್ತು ಬಹುತೇಕ ಖಚಿತವಾದ ಗೆಲುವು. ಇಬ್ಬರಿಗೂ ಲಾಭ, ನೋಡುಗನಿಗೆ ಆಕಳಿಕೆ.

ಆನ್ ಆರ್ಬರ್ ಅಕ್ಕ

ನಿಮ್ಮ ಬದ್ಧ ವೈರಿ ಮಿಷಿಗನ್ ಕಡೆಯವಳು ಬಾಯಿ ತೆರೆದರೆ ಯಾರಿಗೂ ಬೇಸರವಾಗುವುದಿಲ್ಲ ಎಂದುಕೊಂಡು ಬರೆಯುತ್ತಿದ್ದೇನೆ.

ಆರಿಗನ್ ಬಗ್ಗೆ ಇಷ್ಟುದ್ದ ಬರೆದಿರಿ. ನವೆಂಬರ್ 30ರ ಬಗ್ಗೆ ಒಂದು ಸಾಲೂ ಇಲ್ಲ! 13–10. ನಿಮ್ಮ ಮೈದಾನ, ನಿಮ್ಮ ಜನ. ಬಾಜಿ ಕಟ್ಟುವವರ ಪ್ರಕಾರ ನೀವು ಇಪ್ಪತ್ತಕ್ಕೂ ಹೆಚ್ಚು ಅಂಕಗಳಿಂದ ಗೆಲ್ಲಬೇಕಿತ್ತು. ನಮ್ಮ ತಂಡ 6–5ರಲ್ಲಿ ಕುಂಟುತ್ತಾ ಬಂದಿತ್ತು. ನಮ್ಮ ಕ್ವಾರ್ಟರ್‌ಬ್ಯಾಕ್ ಇಡೀ ಪಂದ್ಯದಲ್ಲಿ ಎಸೆದದ್ದು 62 ಗಜ. ಅರವತ್ತೆರಡು! ಆದರೂ ಗೆದ್ದೆವು, ಸತತ ನಾಲ್ಕನೆಯ ವರ್ಷ.

ವೇಳಾಪಟ್ಟಿಯ ಮಾತೇ ಬೇಕೆಂದರೆ ಇಲ್ಲಿದೆ. ನಾವು ಸೆಪ್ಟೆಂಬರಿನಲ್ಲೇ ಟೆಕ್ಸಸ್ ಕೈಯಲ್ಲಿ 31–12ರಿಂದ ಹೊಡೆಸಿಕೊಂಡಿದ್ದೆವು. ಯುಎಸ್‌ಸಿ, ಆರಿಗನ್, ಇಂಡಿಯಾನಾ ಎಲ್ಲರನ್ನೂ ಎದುರಿಸಿ ಕೊಲಂಬಸ್‌ಗೆ ಬಂದಿದ್ದೆವು. ಏಟು ತಿಂದ ಮೈ ಅದು. ನಿಮ್ಮವರು ಹಿಂದಿನ ವಾರವಷ್ಟೇ ಇಂಡಿಯಾನಾವನ್ನು 38–15ರಲ್ಲಿ ಮುಗಿಸಿ ಉಬ್ಬಿದ್ದರು.

ಧಾರವಾಡ ಪೇಡೆ

ಅಕ್ಕ, ಏಟು ತಿಂದ ಮೈ ಎಂದರೆ ಸರಿ. ಆದರೆ 7–5ರಲ್ಲಿ ಲೀಗ್ ಮುಗಿಸಿದವರು ಚಾಂಪಿಯನ್ನರಿಗೆ ಪಾಠ ಹೇಳುವುದನ್ನು ಕೇಳಲು ಟಿಕೆಟ್ ಇಟ್ಟರೂ ಬರುತ್ತೇನೆ.

ಆನ್ ಆರ್ಬರ್ ಅಕ್ಕ

ಪಾಠ ಹೇಳಿದ್ದು ಮೈದಾನದಲ್ಲಿ ತಮ್ಮಾ, ಟಿಕೆಟ್ಟಿಗೆ ನಿಮ್ಮವರು ಆಗಲೇ ದುಡ್ಡು ಕೊಟ್ಟಾಗಿತ್ತು.

ಲೈನ್ ನೋಡುವವ

ಇಬ್ಬರ ಜಗಳವೂ ಚೆನ್ನಾಗಿದೆ, ಆದರೆ ಯಾರೂ ಲೈನಿನ ಬಗ್ಗೆ ಮಾತಾಡುತ್ತಿಲ್ಲ. ಚೆಂಡು ಎಲ್ಲಿದೆಯೋ ಅಲ್ಲಿಗೇ ಕಣ್ಣು ಹೋಗುವುದು ನಮ್ಮ ಅಭ್ಯಾಸ. ಈ ತಂಡದ 2024ರ ಕಥೆ ಮಾತ್ರ ನಡೆದದ್ದು ಚೆಂಡಿನ ಮುಂದೆ ಬಗ್ಗಿ ನಿಲ್ಲುವ ಐದು ಜನರ ನಡುವೆ.

ಯೂಜೀನ್‌ನಲ್ಲಿ ಪಂದ್ಯದ ಜೊತೆಗೆ ಎಡ ಟ್ಯಾಕಲ್ ಜಾಶ್ ಸಿಮನ್ಸ್‌ರ ಮಂಡಿಯನ್ನೂ ಕಳೆದುಕೊಂಡೆವು. ಕ್ವಾರ್ಟರ್‌ಬ್ಯಾಕ್‌ನ ಬೆನ್ನ ಹಿಂದಿನ ಕಡೆಯನ್ನು ಕಾಯುವವನು ಅವನು. ಬಿಡುವಿನ ವಾರ ಮುಗಿಸಿ ನೆಬ್ರಾಸ್ಕಾ ಮೇಲೆ ಬದಲಿ ಆಟಗಾರನನ್ನು ನಿಲ್ಲಿಸಿದರು. ಆ ದಿನ ನಾವು ಓಟದಲ್ಲಿ ಗಳಿಸಿದ್ದು 64 ಗಜ ಮಾತ್ರ, 21–17ರಲ್ಲಿ ಬಚಾವಾದೆವು. ಆ ಬದಲಿ ಆಟಗಾರನೂ ಗಾಯಗೊಂಡ. ಮುಂದಿನ ವಾರ ಪೆನ್ ಸ್ಟೇಟ್, ಅದೂ ಅವರ ಬೀವರ್ ಸ್ಟೇಡಿಯಂನಲ್ಲಿ. ಇಂಥ ಹೊತ್ತಿನಲ್ಲಿ ಎಡ ಗಾರ್ಡ್ ಡಾನವನ್ ಜಾಕ್ಸನ್‌ರನ್ನು ಟ್ಯಾಕಲ್ ಜಾಗಕ್ಕೆ ಸರಿಸಿದರು. ಹೊರಗಿನವರಿಗೆ ಇದು ಒಂದು ಹೆಜ್ಜೆ ಪಕ್ಕಕ್ಕೆ ನಿಂತಂತೆ ಕಾಣುತ್ತದೆ. ಗಾರ್ಡ್‌ಗೆ ಎರಡೂ ಬದಿಯಲ್ಲಿ ಆಸರೆ ಇರುತ್ತದೆ. ಟ್ಯಾಕಲ್ ಬಯಲಿನಲ್ಲಿ ಒಬ್ಬನೇ ನಿಂತು, ತನಗಿಂತ ವೇಗದವನನ್ನು ಹಿಮ್ಮುಖವಾಗಿ ಹೆಜ್ಜೆ ಹಾಕುತ್ತಾ ತಡೆಯಬೇಕು.

ಫಲ? 20–13 ಗೆಲುವು. ಕೊನೆಯ ಐದು ನಿಮಿಷ ಚಿಲ್ಲರೆ ಚೆಂಡನ್ನು ನಮ್ಮ ಕೈಯಲ್ಲೇ ಇಟ್ಟುಕೊಂಡು, ಒಂದೂ ಪಾಸ್ ಎಸೆಯದೆ, ಬರೀ ಓಡಿ ಓಡಿ ಗಡಿಯಾರ ಮುಗಿಸಿದರು. ಹಿಂದಿನ ವಾರ 64 ಗಜ ಓಡಿದ ತಂಡ ಅದು! 2024ರ ಅತ್ಯುತ್ತಮ ತಿದ್ದುಪಡಿ ಯಾವುದೆಂದು ಕೇಳಿದರೆ ನಾನು ರೋಸ್ ಬೌಲ್ (ಜನವರಿಯಲ್ಲಿ ಆರಿಗನ್ ಮೇಲೆ ಆಡಿದ ಪ್ಲೇಆಫ್ ಕ್ವಾರ್ಟರ್‌ಫೈನಲ್) ಹೆಸರು ಹೇಳುವುದಿಲ್ಲ, ಇದನ್ನೇ ಹೇಳುತ್ತೇನೆ.

ಮತ್ತೆ ಇಂಡಿಯಾನಾ ಪಂದ್ಯದ ವಾರದಲ್ಲಿ ಅಭ್ಯಾಸದ ವೇಳೆ ಸೆಂಟರ್ ಸೆತ್ ಮೆಕ್‌ಲಾಕ್ಲಿನ್‌ರ ಹಿಮ್ಮಡಿಯ ಸ್ನಾಯುರಜ್ಜು ಹರಿಯಿತು. ಗಾರ್ಡ್ ಆಗಿದ್ದ ಕಾರ್ಸನ್ ಹಿನ್ಜ್‌ಮನ್ ನಡುವಿಗೆ ಬಂದರು. ಐದು ಕಂಬಗಳಲ್ಲಿ ಎರಡು ಮುರಿದ ಮನೆ ಅದು. ಇದನ್ನು ಬಿಟ್ಟು ಮಿಷಿಗನ್ ಸೋಲನ್ನು ಅಳೆಯುವುದು ಅನ್ಯಾಯ.

ಬಕೈ ಮಲ್ಲೇಶ್ವರ

ಲೈನಿನವರೇ, ಅಲ್ಲಿಯವರೆಗೆ ಒಪ್ಪಿದೆ. ಆದರೆ ನಡು ದುರ್ಬಲವೆಂದು ತಿಳಿದ ಮೇಲೆ ಅಲ್ಲಿಗೇ ಚೆಂಡು ಕೊಟ್ಟು ನುಗ್ಗಿಸುವುದು ಯಾವ ಜಾಣತನ? ಮಿಷಿಗನ್ನಿನ ನಡುವಿನಲ್ಲಿ ಮೇಸನ್ ಗ್ರೇಹಮ್ ಮತ್ತು ಕೆನತ್ ಗ್ರಾಂಟ್ ಎಂಬ ಎರಡು ಬಂಡೆಗಳು. ಅವರ ಅತ್ಯುತ್ತಮ ಕಾರ್ನರ್‌ಬ್ಯಾಕ್ ವಿಲ್ ಜಾನ್ಸನ್ ಅಂದು ಆಡುತ್ತಲೇ ಇರಲಿಲ್ಲ. ನಮ್ಮಲ್ಲಿ ಜೆರೆಮಾಯಾ ಸ್ಮಿತ್, ಎಮೆಕಾ ಎಗ್ಬೂಕಾ ಥರದ, ಪಾಸು ಹಿಡಿಯುವ ರಿಸೀವರ್‌ಗಳಿದ್ದರು. ಬಾಗಿಲು ತೆರೆದಿರುವಾಗ ಗೋಡೆಗೆ ತಲೆ ಚಚ್ಚಿಕೊಂಡರು. 26 ಓಟ, 77 ಗಜ. ದ್ವಿತೀಯಾರ್ಧದಲ್ಲಿ ಒಂದೇ ಒಂದು ಅಂಕವಿಲ್ಲ. ಎರಡು ಫೀಲ್ಡ್ ಗೋಲ್ ತಪ್ಪಿದವು, ಎರಡು ಪಾಸ್ ಎದುರಾಳಿಗಳ ಕೈಸೇರಿದವು ನಿಜ, ಅವು ಆಟದಲ್ಲಿ ಆಗುವಂಥವು. ಹಟ ಮಾತ್ರ ತರಬೇತುದಾರರದೇ.

‘ಮಿಷಿಗನ್ ಮುಂದೆ ನಾವು ಮೆದುವಲ್ಲ’ ಎಂದು ತೋರಿಸಬೇಕೆಂಬ ಹಠಕ್ಕೆ ಮುಖ್ಯ ತರಬೇತುದಾರ ರಯನ್ ಡೇ ಬಲಿಯಾದರು ಎಂದೇ ನನ್ನ ಅನಿಸಿಕೆ.

ಲೆಕ್ಕಿಗ

ಇಲ್ಲಿ ನಿಮ್ಮ ವಾದ ನಿಮಗೇ ತಿರುಗುತ್ತದೆ. ವೇಳಾಪಟ್ಟಿ ಮೆದುವಾಗಿದ್ದರಿಂದ ತಂಡ ಪಕ್ವವಾಗಲಿಲ್ಲ ಎಂದಿರಿ. ನವೆಂಬರ್ 30ರ ಹೊತ್ತಿಗೆ ಆರಿಗನ್, ಪೆನ್ ಸ್ಟೇಟ್, ಇಂಡಿಯಾನಾ ಮೂರೂ ಆಗಿಹೋಗಿದ್ದವು. ಪರೀಕ್ಷೆ ಬೇಕಾದಷ್ಟು ಆಗಿತ್ತು. ಆದರೂ ಸೋತರು. ಹಾಗಾದರೆ ಮಿಷಿಗನ್ ಸೋಲಿಗೂ ವೇಳಾಪಟ್ಟಿಗೂ ಸಂಬಂಧವಿಲ್ಲ.

ಬಕೈ ಮಲ್ಲೇಶ್ವರ

ಸಂಬಂಧವಿದೆ. ಮೂರೂ ಪಂದ್ಯಗಳು ತೋರಿಸಿಕೊಟ್ಟದ್ದು ಬೇರೆ ಬೇರೆ ದೋಷಗಳನ್ನು. ಆರಿಗನ್ ನಮ್ಮ ಹಿಂಬದಿಯ ರಕ್ಷಣೆಯನ್ನು ಬಯಲಿಗೆಳೆಯಿತು. ಅದನ್ನು ರಕ್ಷಣಾ ಕೋಆರ್ಡಿನೇಟರ್ ಜಿಮ್ ನೋಲ್ಸ್ ಬಿಡುವಿನ ವಾರದಲ್ಲಿ ಕೂತು ರಿಪೇರಿ ಮಾಡಿದರು. ಆಮೇಲೆ ಲೈನ್‌ಬ್ಯಾಕರ್ ಕೋಡಿ ಸೈಮನ್ ನಡುವಿನಿಂದ ಕ್ವಾರ್ಟರ್‌ಬ್ಯಾಕ್ ಮೇಲೆ ನುಗ್ಗುವುದು ಹೆಚ್ಚಾಯಿತು. ಹಿಂದೆ ನಿಂತವರು ಚೆಂಡು ಹೊರಡುವ ಮುನ್ನ ಒಂದು ರೀತಿ ನಿಂತು, ಹೊರಟ ಮೇಲೆ ಇನ್ನೊಂದು ರೀತಿ ಚದುರತೊಡಗಿದರು. ಋತು ಮುಗಿಯುವಾಗ ಪಂದ್ಯಕ್ಕೆ ಸರಾಸರಿ 12.9 ಅಂಕ ಮಾತ್ರ ಬಿಟ್ಟುಕೊಟ್ಟು ಇಡೀ ದೇಶಕ್ಕೆ ಮೊದಲಿಗರಾದೆವು.

ಆಕ್ರಮಣದ ಹಟವನ್ನು ಮಾತ್ರ ಆ ಮೂವರಲ್ಲಿ ಯಾರೂ ಬಯಲಿಗೆಳೆಯಲಿಲ್ಲ. ಅದನ್ನು ಬಯಲಿಗೆಳೆದದ್ದು ಮಿಷಿಗನ್. ಅಕ್ಕನಿಗೆ ಇಷ್ಟು ಶ್ರೇಯ ಕೊಡುತ್ತೇನೆ.

ಆನ್ ಆರ್ಬರ್ ಅಕ್ಕ

ಕೊಟ್ಟದ್ದನ್ನು ಸ್ವೀಕರಿಸಿದ್ದೇನೆ. ರಸೀದಿ ಬೇಕೇ?

ಡಬ್ಲಿನ್ ಹೊಸಬ

ಹಾಗಾದರೆ ಮಿಷಿಗನ್ ಪಂದ್ಯದ ಮೇಲೆ ಏನು ಬದಲಾಯಿತು? ಅದೇ ಆಟಗಾರರು, ಅದೇ ತರಬೇತುದಾರರು. ಮೂರು ವಾರದಲ್ಲಿ, ಪ್ಲೇಆಫ್‌ನ ಮೊದಲ ಪಂದ್ಯದಲ್ಲೇ, ಟೆನ್ನೆಸ್ಸಿಯನ್ನು 42–17ರಲ್ಲಿ ಸೋಲಿಸಿದ್ದು ಹೇಗೆ?

ಲೈನ್ ನೋಡುವವ

ಅದೇ ಕೇಳಬೇಕಾದ ಪ್ರಶ್ನೆ. ಡಿಸೆಂಬರ್ 21ರ ರಾತ್ರಿ ಮೊದಲ ಕ್ವಾರ್ಟರ್‌ನಲ್ಲೇ 21–0 ಆಗಿತ್ತು. ಓಡಿ ಎದುರಾಳಿಯನ್ನು ಸುಸ್ತು ಮಾಡಿ ಆಮೇಲೆ ಎಸೆಯುತ್ತೇವೆ ಎಂಬ ಹಳೆಯ ಕ್ರಮವನ್ನು ತಿರುಗಿಸಿ ಹಾಕಿದರು. ಮೊದಲೇ ಎಸೆದರು, ದೂರಕ್ಕೆ ಎಸೆದರು, ಸ್ಮಿತ್‌ಗೆ ಎಸೆದರು. ನಮ್ಮ ಕ್ವಾರ್ಟರ್‌ಬ್ಯಾಕ್ ವಿಲ್ ಹೊವಾರ್ಡ್‌ರ 29 ಪಾಸುಗಳಲ್ಲಿ 24 ತಲುಪಿದವು, 311 ಗಜ. ರಕ್ಷಕರು ಹರಡಿಕೊಂಡ ಮೇಲೆ ನಡುವಿನಲ್ಲಿ ಜಾಗ ತಾನಾಗಿಯೇ ಹುಟ್ಟಿತು, ಆ ಬಡಪಾಯಿ ಲೈನಿಗೂ ಉಸಿರು ಬಂತು. ಲೈನ್ ಗಟ್ಟಿಯಾಗಲಿಲ್ಲ, ಅದರ ಮೇಲೆ ಬೀಳುತ್ತಿದ್ದ ಭಾರ ಇಳಿಯಿತು.

ಒಂದು ಸ್ವಾರಸ್ಯ ಹೇಳುತ್ತೇನೆ. ಆಕ್ರಮಣದ ಕೋಆರ್ಡಿನೇಟರ್ ಚಿಪ್ ಕೆಲಿ, ರಯನ್ ಡೇ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ಕ್ವಾರ್ಟರ್‌ಬ್ಯಾಕ್ ಆಗಿದ್ದಾಗ ಅವರಿಗೆ ಆಟ ಕಲಿಸಿದವರು. ಯುಸಿಎಲ್‌ಎಯ ಮುಖ್ಯ ತರಬೇತುದಾರ ಹುದ್ದೆ ಬಿಟ್ಟು ಶಿಷ್ಯನ ಕೈಕೆಳಗೆ ಬಂದರು. ಅಲ್ಲಿಯವರೆಗೆ ಆಟದ ಕರೆಗಳನ್ನು ತಾವೇ ಕೊಡುತ್ತಿದ್ದ ಡೇ 2024ರಲ್ಲಿ ಅದನ್ನು ಗುರುವಿಗೆ ಒಪ್ಪಿಸಿದರು. ಮಿಷಿಗನ್ ಸೋಲಿನ ನಂತರ ಜನ ಬೀದಿ ಬೀದಿಯಲ್ಲಿ ಡೇ ಅವರ ತಲೆದಂಡ ಕೇಳುತ್ತಿದ್ದಾಗ ಆ ಇಬ್ಬರ ನಡುವೆ ಏನು ಮಾತಾಯಿತೋ, ಗೋಡೆಗಳಿಗೆ ಗೊತ್ತು.

ಧಾರವಾಡ ಪೇಡೆ

ರೋಸ್ ಬೌಲ್ ಬಗ್ಗೆ ಯಾರೂ ಬರೆಯುವುದಿಲ್ಲವೇ? ಅದೇ ಆರಿಗನ್. ಅಜೇಯರಾಗಿ, ಒಂದನೆಯ ಶ್ರೇಯಾಂಕ ಹೊತ್ತುಕೊಂಡು ಬಂದಿದ್ದರು. ಎರಡನೆಯ ಕ್ವಾರ್ಟರ್‌ನಲ್ಲಿ 34–0! ಅಕ್ಟೋಬರಿನಲ್ಲಿ ಒಂದು ಸಲವೂ ಕೈಗೆ ಸಿಗದ ಗೇಬ್ರಿಯಲ್ ಅಂದು ಎಂಟು ಸಲ ನೆಲಕ್ಕೆ ಬಿದ್ದರು. ಆರಿಗನ್ನಿನ ಒಟ್ಟು ಓಟ ಮೈನಸ್ 23 ಗಜ. ಸೊನ್ನೆಗಿಂತ ಕಡಿಮೆ. ತಿದ್ದುಪಡಿ ಎಂದರೆ ಇದು.

ಲೆಕ್ಕಿಗ

ಪೇಡೆಯವರು ಹೇಳಿದ್ದರಲ್ಲಿ ಒಂದು ಸಂಗತಿ ಸೇರಿಸುತ್ತೇನೆ. ಆರಿಗನ್ ಜೊತೆ ಮೊದಲೇ ಆಡಿ ಸೋತಿದ್ದರಿಂದಲೇ ಈ ಎರಡನೆಯ ಪಂದ್ಯ ಹಾಗಾಯಿತು. ಕಠಿಣ ವೇಳಾಪಟ್ಟಿಯ ಲಾಭವೆಂದರೆ ಪ್ಲೇಆಫ್‌ಗೆ ಹನ್ನೆರಡು ತಂಡಗಳನ್ನು ಆರಿಸುವ ಆಯ್ಕೆ ಸಮಿತಿಯ ಮುಂದೆ ತೋರಿಸಲು ಪ್ರಮಾಣಪತ್ರ ಸಿಗುವುದು ಎಂದು ಎಲ್ಲರೂ ಮಾತಾಡುತ್ತಾರೆ. ಎದುರಾಳಿಯ ಮೇಲೆ ಅರವತ್ತು ನಿಮಿಷದ ನೈಜ ದೃಶ್ಯಾವಳಿ ಸಿಗುವುದು ಅದಕ್ಕಿಂತ ದೊಡ್ಡ ಲಾಭ. ಆರಿಗನ್ನಿಗೂ ಅದೇ ದೃಶ್ಯಾವಳಿ ಇತ್ತಲ್ಲ ಎನ್ನಬಹುದು. ಆದರೆ ಗೆದ್ದವನು ಅದನ್ನು ನೋಡುವ ಕಣ್ಣೇ ಬೇರೆ. ಜೊತೆಗೆ ನೇರ ಕ್ವಾರ್ಟರ್‌ಫೈನಲ್‌ಗೆ ಹೋದ ಅವರು ವಾರಗಟ್ಟಲೆ ಸುಮ್ಮನೆ ಕೂತಿದ್ದರು. ಆ ವರ್ಷ ಹಾಗೆ ನೇರ ಪ್ರವೇಶ ಪಡೆದ ನಾಲ್ಕು ತಂಡಗಳೂ ತಮ್ಮ ಮೊದಲ ಪಂದ್ಯದಲ್ಲೇ ಸೋತವು.

ಆ ಅಕ್ಟೋಬರ್ ಪಂದ್ಯದ ಕೊನೆಯ ಕ್ಷಣವನ್ನೂ ದಾಖಲಿಸಿಬಿಡೋಣ. ಹತ್ತು ಸೆಕೆಂಡ್ ಉಳಿದಿದ್ದಾಗ ಆರಿಗನ್ ಹನ್ನೊಂದರ ಬದಲು ಹನ್ನೆರಡು ರಕ್ಷಕರನ್ನು ಇಳಿಸಿತ್ತು. ದಂಡ ಐದೇ ಗಜ, ಗಡಿಯಾರ ಮಾತ್ರ ನಾಲ್ಕು ಸೆಕೆಂಡ್ ತಿಂದಿತ್ತು. ಮುಂದಿನ ವಾರವೇ ಕಾಲೇಜು ಕ್ರೀಡೆಗಳ ಆಡಳಿತ ಸಂಸ್ಥೆ ಎನ್‌ಸಿಎಎ ನಿಯಮಕ್ಕೆ ಹೊಸ ವಿವರಣೆ ಕೊಟ್ಟು, ಕಳೆದ ಸೆಕೆಂಡುಗಳನ್ನು ಗಡಿಯಾರಕ್ಕೆ ಮರಳಿಸಬಹುದು ಎಂದಿತು. ತರಬೇತುದಾರರ ಜಾಣತನ ಎಂದರೆ ಆ ಹನ್ನೆರಡನೆಯವನನ್ನು ಇಳಿಸಿದ್ದನ್ನೂ ಸೇರಿಸಬೇಕು, ಎದುರಾಳಿಯದಾದರೂ.

ಡಬ್ಲಿನ್ ಹೊಸಬ

ರಣಜಿಯಲ್ಲಿ ಪ್ಲೇಟ್ ಗುಂಪಿನ ತಂಡಗಳ ಮೇಲೆ ತ್ರಿಶತಕ ಹೊಡೆದವನನ್ನು ಭಾರತ ತಂಡಕ್ಕೆ ಆರಿಸಬೇಕೇ ಎಂಬ ಜಗಳ ನೆನಪಾಯಿತು. ಇಲ್ಲಿಯ ಆಯ್ಕೆ ಸಮಿತಿಯೂ ಹಾಗೆಯೇ ಯೋಚಿಸುತ್ತದೆಯೇ?

ಬಕೈ ಮಲ್ಲೇಶ್ವರ

ಯೋಚಿಸುತ್ತದೆ ಎನ್ನುತ್ತಾರೆ, ಪ್ರತಿ ಡಿಸೆಂಬರಿನಲ್ಲಿ ಬೈಸಿಕೊಳ್ಳುತ್ತಾರೆ. 2024ರಲ್ಲಿ 9–3ರ ಅಲಬಾಮಾ ಹೊರಗುಳಿಯಿತು, ಎಸ್‌ಎಂಯು (ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯ) ಒಳಬಂತು. ಕಠಿಣ ಪಂದ್ಯಗಳನ್ನು ಆಡಿ ಸೋತವನಿಗಿಂತ ಸುಲಭದವನ್ನು ಗೆದ್ದವನೇ ಜಾಣನೇ ಎಂದು ದಕ್ಷಿಣದವರು ಇನ್ನೂ ಗೊಣಗುತ್ತಿದ್ದಾರೆ. ನಾವಂತೂ ಎರಡು ಸೋಲಿದ್ದರೂ ಎಂಟನೆಯ ಶ್ರೇಯಾಂಕದಲ್ಲಿ ಒಳಗೆ ಬಂದೆವು. ಹಳೆಯ ನಾಲ್ಕು ತಂಡಗಳ ಪದ್ಧತಿಯೇ ಇದ್ದಿದ್ದರೆ ನವೆಂಬರ್ 30ಕ್ಕೇ ನಮ್ಮ ಕಥೆ ಮುಗಿಯುತ್ತಿತ್ತು. ಸೆಮಿಫೈನಲ್‌ನಲ್ಲಿ ಟೆಕ್ಸಸ್ ಮೇಲೆ ನಮ್ಮ ಜ್ಯಾಕ್ ಸಾಯರ್ ಚೆಂಡು ಕಿತ್ತುಕೊಂಡು 83 ಗಜ ಓಡಿದ್ದೂ ಇಲ್ಲ, ಅಟ್ಲಾಂಟಾದ ಫೈನಲ್‌ನಲ್ಲಿ ನೋಟರ್ ಡೇಮ್ ಮೇಲೆ 34–23ರ ಗೆಲುವೂ ಇಲ್ಲ.

ಈಗ ಮುಂದಿನದು. 2025ರಲ್ಲಿ ವೇಳಾಪಟ್ಟಿ ತಲೆಕೆಳಗು. ಮೊದಲ ದಿನವೇ ಟೆಕ್ಸಸ್. ಆಮೇಲೆ ಗ್ರ್ಯಾಂಬ್ಲಿಂಗ್ ಸ್ಟೇಟ್ ಮತ್ತು ಓಹಾಯೊ ವಿಶ್ವವಿದ್ಯಾಲಯ. ನಾನು ಕೇಳಿದ್ದೂ ಇದನ್ನೇ. ದೋಷ ಏನಿದ್ದರೂ ಆಗಸ್ಟಿನಲ್ಲೇ ಗೊತ್ತಾಗಲಿ.

ಲೈನ್ ನೋಡುವವ

ಗೊತ್ತಾಗುತ್ತದೆ, ಸರಿ. ತಿದ್ದುವವರು ಯಾರು? ಕೆಲಿ ವೃತ್ತಿಪರ ತಂಡವಾದ ಲಾಸ್ ವೇಗಸ್ ರೈಡರ್ಸ್‌ಗೆ ಹೋದರು. ನೋಲ್ಸ್ ಪೆನ್ ಸ್ಟೇಟ್‌ಗೆ ಹೋದರು. ಹದಿನಾಲ್ಕು ಆಟಗಾರರು ವೃತ್ತಿಪರ ಲೀಗ್ ಎನ್‌ಎಫ್‌ಎಲ್‌ನ ಡ್ರಾಫ್ಟ್‌ನಲ್ಲಿ ಆಯ್ಕೆಯಾದರು. 2025ರ ಆಕ್ರಮಣಕ್ಕೆ ಬ್ರಯನ್ ಹಾರ್ಟ್‌ಲೈನ್ ಇದ್ದಾರೆ. ರಿಸೀವರ್‌ಗಳನ್ನು ಬೆಳೆಸುವುದರಲ್ಲಿ ಅವರಿಗೆ ಸಾಟಿಯಿಲ್ಲ, ಆದರೆ ಈಗ ಹೊತ್ತಿರುವುದು ಇಡೀ ಆಕ್ರಮಣದ ಹೊರೆ. ರಕ್ಷಣೆಗೆ ಮ್ಯಾಟ್ ಪಟ್ರೀಷಿಯಾ.

ಆನ್ ಆರ್ಬರ್ ಅಕ್ಕ

ಪಟ್ರೀಷಿಯಾ! ಡೆಟ್ರಾಯಿಟ್ ಲಯನ್ಸ್ ನೋಡುವ ನಮಗೆ ಆ ಹೆಸರು ಹೇಳಬೇಡಿ. 2018ರಿಂದ 2020ರವರೆಗೆ ಸಹಿಸಿಕೊಂಡಿದ್ದೇವೆ. ಇಟ್ಟುಕೊಳ್ಳಿ, ಜೋಪಾನವಾಗಿ ಇಟ್ಟುಕೊಳ್ಳಿ, ನವೆಂಬರ್ 29ಕ್ಕೆ ಆನ್ ಆರ್ಬರ್‌ಗೆ ಕರೆದುಕೊಂಡು ಬನ್ನಿ.

ಲೆಕ್ಕಿಗ

ಮುಖ್ಯ ತರಬೇತುದಾರರಾಗಿ ಸೋತವರು ಕೋಆರ್ಡಿನೇಟರ್ ಆಗಿ ಮಿಂಚಿದ ಉದಾಹರಣೆಗಳು ಬೇಕಾದಷ್ಟಿವೆ ಅಕ್ಕ, ಅದೇ ಪಟ್ರೀಷಿಯಾ ನ್ಯೂ ಇಂಗ್ಲೆಂಡ್‌ನಲ್ಲಿ ರಕ್ಷಣೆ ನೋಡಿಕೊಂಡು ಸೂಪರ್ ಬೌಲ್ ಗೆದ್ದವರು. ನನ್ನ ಚಿಂತೆ ಅವರದಲ್ಲ. ಈ ಸಲ ನಮ್ಮ ಲೀಗ್ ಪಟ್ಟಿಯಲ್ಲಿ ಆರಿಗನ್ ಇಲ್ಲ, ಇಂಡಿಯಾನಾ ಇಲ್ಲ. ಟೆಕ್ಸಸ್ ಪಂದ್ಯ ಮುಗಿದರೆ ಪೆನ್ ಸ್ಟೇಟ್‌ವರೆಗೆ ಎರಡು ತಿಂಗಳು. ನಡುವೆ ಸಿಯಾಟಲ್ (ವಾಷಿಂಗ್ಟನ್ ತಂಡದ ಊರು) ಮತ್ತು ಇಲಿನಾಯ್ ಪ್ರವಾಸಗಳನ್ನು ಬಿಟ್ಟರೆ ಬೆವರಿಳಿಸುವವರು ಕಾಣುವುದಿಲ್ಲ. ಮಲ್ಲೇಶ್ವರದವರ ಕ್ರಮದ ವಾದವನ್ನೇ ಹಿಡಿದರೆ, ಇದು ಕಳೆದ ಸಲಕ್ಕಿಂತ ಸುಲಭದ ಪಟ್ಟಿ.

ಧಾರವಾಡ ಪೇಡೆ

ನವೆಂಬರ್ 1ರಂದು ಪೆನ್ ಸ್ಟೇಟ್ ಕೊಲಂಬಸ್‌ಗೆ ಬರುತ್ತದೆ, ಜೊತೆಗೆ ನೋಲ್ಸ್. ನಮ್ಮ ಆಟಗಾರರ ಒಂದೊಂದು ದೌರ್ಬಲ್ಯವನ್ನೂ ಬಲ್ಲ ಮನುಷ್ಯ ಎದುರಿನ ಅಂಚಿನಲ್ಲಿ ನಿಂತಿರುತ್ತಾರೆ. ಆ ಪಂದ್ಯಕ್ಕೆ ಎರಡು ಟಿಕೆಟ್ ಹೆಚ್ಚಿಗಿವೆ, ಸಿ ಡೆಕ್‌ನಲ್ಲಿ. ಕನ್ನಡದವರಿಗೆ ಕೊಂಡ ಬೆಲೆಗೇ ಕೊಡುತ್ತೇನೆ. ಮಿಷಿಗನ್ನಿನವರಿಗೆ ಎರಡರಷ್ಟು.